ಬೆಟ್ಟ ನಿಧಾನವಾಗುತ್ತಿದೆ

ಮ್ಯಾಂಚೆಸ್ಟರಿನಿಂದ ಶೆಫೀಲ್ಡಿಗೆ ಹೋಗುವ ಎ57 ರಸ್ತೆ ಪೆನೈನ್ ಬೆಟ್ಟಸಾಲನ್ನು ದಾಟುವ ಜಾಗಕ್ಕೆ ಸ್ನೇಕ್ ಪಾಸ್ ಎಂದು ಹೆಸರು. 1821ರಲ್ಲಿ ತೆರೆದ ಹಾದಿ ಇದು. ಆ ಎರಡೂ ಊರುಗಳಲ್ಲಿ ಕನ್ನಡದ ಮನೆಗಳಿವೆ; ಅಲ್ಲಿನವರಿಗೆ ಈ ರಸ್ತೆಯ ತಿರುವುಗಳು ಹೊಸವಲ್ಲ. ನೆತ್ತಿಗೆ ಬಂದರೆ ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಮರವಿಲ್ಲ, ಮನೆಯಿಲ್ಲ, ಎರಡೂ ಬದಿಗೆ ಕಂದು ಬಣ್ಣದ ಬೋಳು ನೆಲ. ಆದರೆ ವರ್ಷದ ಯಾವ ತಿಂಗಳಲ್ಲಾದರೂ, ಕೆಲವೊಮ್ಮೆ ನಡುರಾತ್ರಿಯಲ್ಲೂ, ಆ ಬೋಳಿನೊಳಗಿಂದ ಮೊಣಕಾಲಿನವರೆಗೆ ಕಪ್ಪು ಕೆಸರು ಮೆತ್ತಿಕೊಂಡ ಒಬ್ಬರು ಹೊರಬಂದು, ಕೈಗಡಿಯಾರವನ್ನೊಮ್ಮೆ ನೋಡಿಕೊಂಡು, ಟಾರು ರಸ್ತೆ ದಾಟಿ, ಎದುರಿನ ಬೋಳಿನಲ್ಲಿ ಮರೆಯಾಗುವುದುಂಟು. ಎದೆಯ ಮೇಲೆ ನಂಬರಿನ ಚೀಟಿ ಇರುವುದಿಲ್ಲ. ಹಿಂದೆ ಮುಂದೆ ಬೇರೆ ಓಟಗಾರರೂ ಇರುವುದಿಲ್ಲ. ಅವರು ಕಿಂಡರ್ ಸ್ಕೌಟ್ ಬೆಟ್ಟ ಮುಗಿಸಿ ಬ್ಲೀಕ್ಲೋ ಬೆಟ್ಟದ ಕಡೆಗೆ ಹೊರಟವರು. ಹೊರಟಲ್ಲಿಗೇ ಮರಳುವ ಹೊತ್ತಿಗೆ ಸುಮಾರು 40 ಮೈಲಿ, ಅಂದರೆ 64 ಕಿ.ಮೀ. ಮುಗಿದಿರುತ್ತದೆ. ಪದಕವಿಲ್ಲ, ಬಹುಮಾನವಿಲ್ಲ. ಸಿಗುವುದು ಒಂದು ಸಮಯ, ಅದೂ ಅವರಿಗೆ ಮಾತ್ರ ಸೇರಿದ್ದು.

ಈ ದಾರಿಗೆ ಡರ್ವೆಂಟ್ ವಾಟರ್‌ಶೆಡ್ ಎನ್ನುತ್ತಾರೆ. ಡರ್ವೆಂಟ್ ನದಿಯ ಮೇಲ್ಕಣಿವೆಯನ್ನು ಸುತ್ತುವರಿದ ಬೆಟ್ಟಗಳ ಏಣನ್ನು ಹಿಡಿದು ಒಂದು ಸುತ್ತು ಬರುವುದು. ಲೇಡಿಬೋವರ್ ಜಲಾಶಯದ ಕೆಳಗಿನ ಯಾರ್ಕ್‌ಷೈರ್ ಬ್ರಿಜ್‌ನಲ್ಲಿ ಶುರು. ವಿನ್ ಹಿಲ್ ಹತ್ತಿ ಇಳಿದು, ಲೂಸ್ ಹಿಲ್ ಏರಿ, ಮ್ಯಾಮ್ ಟಾರ್ ಮೇಲಿಂದ ಬ್ರೌನ್ ನೋಲ್‌ಗೆ. ಅಲ್ಲಿಂದ ಕಿಂಡರ್‌ನ ಪಶ್ಚಿಮದ ಅಂಚು, ಮಿಲ್ ಹಿಲ್, ಸ್ನೇಕ್ ಪಾಸ್, ಬ್ಲೀಕ್ಲೋ. ಆಮೇಲೆ ನದಿ ಹುಟ್ಟುವ ಜವುಗನ್ನು ಬಳಸಿ ಪೂರ್ವಕ್ಕೆ ತಿರುಗಿ ಔಟರ್ ಎಡ್ಜ್, ಮಾರ್ಜರಿ ಹಿಲ್, ಬ್ಯಾಕ್ ಟಾರ್, ಕೊನೆಗೆ ಸ್ಟ್ಯಾನೇಜ್‌ನ ಬಂಡೆಯಂಚು.

ಎತ್ತರದ ಲೆಕ್ಕದಲ್ಲಿ ಈ ಬೆಟ್ಟಗಳು ನಮಗೆ ದೊಡ್ಡವಲ್ಲ. ಕಿಂಡರ್ 636 ಮೀಟರ್, ಬ್ಲೀಕ್ಲೋ 633. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲು. ಇಷ್ಟಕ್ಕೆ ಇಷ್ಟೊಂದು ಸದ್ದೇಕೆ ಎಂದು ಕೇಳುವವರು ಒಮ್ಮೆ ಆ ನೆಲದ ಮೇಲೆ ಕಾಲಿಡಬೇಕು. ನೆತ್ತಿಯುದ್ದಕ್ಕೂ ಹಾಸಿರುವುದು ಪೀಟ್. ನೀರಿನಲ್ಲಿ ನೆನೆದೇ ಇರುವ ಪಾಚಿ ಮತ್ತು ಹುಲ್ಲು ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಸಾವಿರಾರು ವರ್ಷಗಳಲ್ಲಿ ಆದ ಕಪ್ಪು ಪದರ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುವ ಈ ಪದರ ಕೆಲವು ಕಡೆ ಮೂರು ನಾಲ್ಕು ಮೀಟರ್ ಆಳವಿದೆ. ಮಳೆಗಾಲದಲ್ಲಿ ಎರೆಹೊಲ ದಾಟಿದವರಿಗೆ ಇದರ ಗುಣವನ್ನು ವಿವರಿಸಬೇಕಿಲ್ಲ: ಒಂದು ಹೆಜ್ಜೆ ಕೀಳುವಷ್ಟರಲ್ಲಿ ಇನ್ನೊಂದು ಹೂತಿರುತ್ತದೆ, ಚಪ್ಪಲಿ ನೆಲದ ಪಾಲು. ಎರೆಯಾದರೆ ಬೇಸಿಗೆಗೆ ಬಿರಿದು ಒಣಗುತ್ತದೆ. ಪೀಟ್ ಬಹುತೇಕ ವರ್ಷವಿಡೀ ಕೆಸರಾಗಿಯೇ ಇರುತ್ತದೆ.

ಈ ಸುತ್ತನ್ನು ಗಡಿಯಾರ ಹಿಡಿದು ಮೊದಲು ಮುಗಿಸಿದವರೆಂದು ದಾಖಲಾಗಿರುವುದು ಯೂಸ್ಟೇಸ್ ಥಾಮಸ್, 1918ರಲ್ಲಿ. ಮ್ಯಾಂಚೆಸ್ಟರಿನ ಎಂಜಿನಿಯರ್. 1869ರಲ್ಲಿ ಹುಟ್ಟಿದವರು, ಆಗ ಐವತ್ತರ ಹೊಸ್ತಿಲಲ್ಲಿದ್ದರು. ನಗರದ ರಕ್‌ಸ್ಯಾಕ್ ಕ್ಲಬ್ಬಿನ ಸದಸ್ಯರಾಗಿ ನಡಿಗೆಯನ್ನು ಎಂಜಿನಿಯರನ ಶಿಸ್ತಿನಿಂದಲೇ ಹಿಡಿದವರು. ನಾಲ್ಕು ವರ್ಷದ ನಂತರ, 1922ರಲ್ಲಿ, ಲೇಕ್ ಡಿಸ್ಟ್ರಿಕ್ಟ್‌ನ ಶಿಖರಗಳಲ್ಲಿ 24 ಗಂಟೆಗಳ ಓಟದ ದಾಖಲೆಯನ್ನೂ ಹೊಸದಾಗಿ ಬರೆದರು. ಆಮೇಲೆ ಆಲ್ಪ್ಸ್‌ಗೆ ತಿರುಗಿ, ಅಲ್ಲಿನ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳನ್ನೆಲ್ಲ ಏರಿದ ಮೊದಲ ಬ್ರಿಟಿಷ್ ವ್ಯಕ್ತಿಯಾದರು. ಬೆಟ್ಟದಲ್ಲಿ ಗಾಯಗೊಂಡವರನ್ನು ಹೊತ್ತು ತರಲು ಅವರು ರೂಪಿಸಿದ ಥಾಮಸ್ ಸ್ಟ್ರೆಚರ್ ಬ್ರಿಟನ್ನಿನ ರಕ್ಷಣಾ ತಂಡಗಳ ಹೆಗಲ ಮೇಲೆ ದಶಕಗಳ ಕಾಲ ಇತ್ತು. ಅವರ ದಾಖಲೆಗಳೆಲ್ಲ ಮುರಿದಿವೆ. ಆ ಸ್ಟ್ರೆಚರ್ ಎಷ್ಟು ಜನರನ್ನು ಮನೆಗೆ ತಲುಪಿಸಿತೆಂಬ ಲೆಕ್ಕದ ಮುಂದೆ ದಾಖಲೆಗಳದ್ದೇನು ದೊಡ್ಡ ಮಾತಲ್ಲ.

ಅದೇ ಕ್ಲಬ್ಬಿನ ಇನ್ನೊಬ್ಬರು ಫ್ರೆಡ್ ಹರ್ಡ್‌ಮನ್. ಇವರು ಈಡೇಲ್ ಹಳ್ಳಿಯಲ್ಲಿ ಪಬ್ ನಡೆಸುತ್ತಿದ್ದರು. ಜವುಗನ್ನು ಓಡಿ ದಾಟುವವನೆಂಬ ಅರ್ಥದಲ್ಲಿ ಜನ ಅವರನ್ನು ಬಿಲ್ ದಿ ಬಾಗ್‌ಟ್ರಾಟರ್ ಎಂದು ಕರೆಯುತ್ತಿದ್ದರು. 1951ರಲ್ಲಿ ಈ ಬೆಟ್ಟಗಳೆಲ್ಲ ಸೇರಿದ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದರ ಮಾಹಿತಿ ಕೇಂದ್ರ ಆರಂಭವಾದದ್ದು ಇವರ ಪಬ್ಬಿನ ಒಂದು ಕೋಣೆಯಲ್ಲೇ.

ಗೆರೆ ಹುಡುಕುವುದು

ಬೆಟ್ಟದಲ್ಲಿ ಸಮಯ ಅಂದಾಜು ಮಾಡಲು ಬ್ರಿಟನ್ನಿನಲ್ಲಿ ಇಂದಿಗೂ ಬಳಸುವ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಇದರಂತೆ 40 ಮೈಲಿಗೆ 13 ಗಂಟೆ 20 ನಿಮಿಷ, ಏರಿನದು ಬೇರೆ. ಪೀಟ್ ಬಗ್ಗೆ ಈ ಸೂತ್ರ ಏನೂ ಹೇಳುವುದಿಲ್ಲ. ವಾಟರ್‌ಶೆಡ್‌ನಲ್ಲಿ ಸಮಯ ಗೆಲ್ಲುವುದೂ ಸೋಲುವುದೂ ಅಲ್ಲೇ.

ಬ್ಲೀಕ್ಲೋದ ನೆತ್ತಿಯನ್ನು ಮೇಲಿನಿಂದ ನೋಡಿದರೆ ಮಿದುಳಿನ ಮಡಿಕೆಗಳ ಹಾಗೆ ಕೊರಕಲುಗಳು ಒಂದರೊಳಗೊಂದು ಸುತ್ತಿಕೊಂಡಿವೆ. ಸ್ಥಳೀಯರು ಇವಕ್ಕೆ ಗ್ರಫ್ ಎನ್ನುತ್ತಾರೆ. ಎರಡು ಕೊರಕಲುಗಳ ನಡುವೆ ಉಳಿದ ಪೀಟಿನ ದಿಬ್ಬಗಳು ಹ್ಯಾಗ್. ಕೊರಕಲಿನ ತಳದಲ್ಲಿ ಮರಳು ಸಿಕ್ಕರೆ ಸೊಗಸಾಗಿ ಓಡಬಹುದು, ಆದರೆ ಅದು ಎಲ್ಲಿಗೆ ತಿರುಗುತ್ತದೋ ಅಲ್ಲಿಗೇ ನಮ್ಮನ್ನೂ ಒಯ್ಯುತ್ತದೆ, ತಲೆಯ ಮೇಲೆ ದಿಬ್ಬ ಇರುವುದರಿಂದ ದೂರದ ಗುರುತೊಂದೂ ಕಾಣುವುದಿಲ್ಲ. ದಿಕ್ಸೂಚಿ ಹಿಡಿದು ನೇರ ಹೋಗುತ್ತೇನೆಂದರೆ ಪ್ರತಿ ಕೊರಕಲಿಗೂ ಇಳಿದು, ಜಾರುವ ಗೋಡೆಯನ್ನು ಕೈಯೂರಿ ಹತ್ತಬೇಕು. ಓಟಗಾರರು ಹುಡುಕುವುದು ಇವೆರಡರ ನಡುವಿನ ಒಂದು ಜಾಡನ್ನು. ಅವರ ಮಾತಿನಲ್ಲಿ ಅದು ಲೈನ್. ಈ ಕೊರಕಲಿನಲ್ಲಿ ಇಷ್ಟು ದೂರ, ಆ ಬೇಲಿಕಂಬದ ಬಳಿ ಎಡಕ್ಕೆ, ಹುಲ್ಲಿನ ಬಣ್ಣ ತಿಳಿಹಸಿರಾದಲ್ಲಿ ಕಾಲಿಡಬಾರದು, ಹೆದರ್ ಗಿಡದ ಕಂದು ಕಂಡರೆ ನಂಬಬಹುದು. ಇದು ನಕಾಶೆಯಲ್ಲಿ ಇಲ್ಲ. ರೆಕ್ಕಿ ಮಾಡಿ, ಅಂದರೆ ಬಿಡುವಿನ ದಿನ ಹೋಗಿ ತುಂಡುತುಂಡಾಗಿ ನಡೆದು ನೋಡಿ, ತಲೆಯಲ್ಲಿ ತುಂಬಿಕೊಳ್ಳಬೇಕು. ಈಗ ಜಿಪಿಎಸ್ ಗಡಿಯಾರದಲ್ಲಿ ಬೇರೆಯವರು ಓಡಿದ ಗೆರೆಯನ್ನೇ ಇಳಿಸಿಕೊಂಡು ಹೋಗಬಹುದು ನಿಜ. ಆದರೆ ಆ ಗೆರೆ ಬರೆದದ್ದು ಬರಗಾಲದ ಏಪ್ರಿಲ್‌ನಲ್ಲೋ ಹಿಮ ಕರಗಿದ ಫೆಬ್ರವರಿಯಲ್ಲೋ ಎಂಬುದನ್ನು ಗಡಿಯಾರ ಹೇಳುವುದಿಲ್ಲ.

ನೆಲ ಹೆಪ್ಪುಗಟ್ಟಿದ ಚಳಿಗಾಲದ ಬೆಳಿಗ್ಗೆ ಪೀಟ್ ಕಲ್ಲಿನಂತಿರುತ್ತದೆ. ವಾರಗಟ್ಟಲೆ ಒಣಹವೆ ಇದ್ದ ವಸಂತದಲ್ಲಿ ಕಾಲಡಿ ಪುಟಿಯುತ್ತದೆ. ವೇಗದ ಸಮಯಗಳು ಹುಟ್ಟುವುದು ಇಂಥ ದಿನಗಳಲ್ಲೇ. ಅದೇ ಕಾಲುಗಳು, ಅದೇ ಉಸಿರು, ಒಂದು ವಾರ ಮಳೆ ಸುರಿದ ಮೇಲೆ ಹೋದರೆ ಗಂಟೆಗಳ ವ್ಯತ್ಯಾಸ. ಹಾಗಾಗಿ ಇಲ್ಲಿ ಒಬ್ಬರ ಸಮಯವನ್ನು ಅವರ ಕಾಲಿನ ಕಸುವಿನ ಅಳತೆಯೆಂದು ಮಾತ್ರ ಓದುವುದು ತಪ್ಪಾಗುತ್ತದೆ. ಆ ದಿನದ ನೆಲ ಹೇಗಿತ್ತು, ಆ ನೆಲದೊಂದಿಗೆ ಅವರ ಪರಿಚಯ ಎಷ್ಟಿತ್ತು ಎಂಬುದರ ಅಳತೆಯೂ ಅದು. ಟ್ರ್ಯಾಕಿನ ಮೇಲಿನ ಓಟದಲ್ಲಿ ಈ ಎರಡನೆಯ ಸಂಗತಿಗೆ ಜಾಗವೇ ಇಲ್ಲ. ಇಂಥ ಬೋಳು ಬೆಟ್ಟದ, ಅಂದರೆ ಮೂರ್‌ಲ್ಯಾಂಡಿನ, ಓಟವನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕೇ.

ಪರಿಚಯವಿಲ್ಲದವರಿಗೆ ಈ ಬೋಳು ನೆಲ ಕರುಣೆ ತೋರಿಸುವುದೂ ಇಲ್ಲ. 1964ರ ಮಾರ್ಚ್‌ನಲ್ಲಿ ಫೋರ್ ಇನ್ಸ್ ಎಂಬ ದೀರ್ಘ ನಡಿಗೆ ಸ್ಪರ್ಧೆ ಇದೇ ಬೆಟ್ಟಗಳಲ್ಲಿ ನಡೆಯುತ್ತಿದ್ದಾಗ ಗಾಳಿ, ಮಳೆ ಏರಿ ಮೂವರು ಯುವ ರೋವರ್ ಸ್ಕೌಟ್‌ಗಳು ಚಳಿಗೆ ಸತ್ತರು. ಅವರನ್ನು ಹುಡುಕಲು ಜನ ಬೇಕಾದಷ್ಟು ಬಂದಿದ್ದರು, ಆದರೆ ಬಂದವರನ್ನು ಒಟ್ಟುಗೂಡಿಸಿ ನಡೆಸುವ ವ್ಯವಸ್ಥೆ ಇರಲಿಲ್ಲ. ಪೀಕ್ ಡಿಸ್ಟ್ರಿಕ್ಟಿನ ಪರ್ವತ ರಕ್ಷಣಾ ಸಂಘಟನೆ ಹುಟ್ಟಿದ್ದು ಆ ಸಾವುಗಳಿಂದ. ಇಂದು ಶೆಫೀಲ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೊತ್ತು, ಇದೇ ವಾಟರ್‌ಶೆಡ್ ಮೇಲೆ ನಡೆಸುವ ಹೈ ಪೀಕ್ ಮ್ಯಾರಥಾನ್‌ನಲ್ಲಿ ನಾಲ್ವರ ತಂಡಕ್ಕಷ್ಟೇ ಪ್ರವೇಶ. ಒಂಟಿಯಾಗಿ ತಮ್ಮ ಸಮಯಕ್ಕಾಗಿ ಓಡುವವರು ಯಾರ ನಿಯಮಕ್ಕೂ ಒಳಪಟ್ಟವರಲ್ಲ. ಅವರ ಬೆನ್ನುಚೀಲದಲ್ಲಿ ಮಳೆಯಂಗಿ, ಬೆಚ್ಚನೆಯ ಪದರ, ನಕಾಶೆ, ದಿಕ್ಸೂಚಿ, ಸೀಟಿ ಇದ್ದೇ ಇರುತ್ತವೆ, ಒಂದು ಕಿಲೋ ತೂಕ ಉಳಿಸಿದರೆ ಕೆಲವು ನಿಮಿಷ ಸಿಗುತ್ತದೆಂದು ಗೊತ್ತಿದ್ದರೂ.

ಯಾರ ಬೆಟ್ಟ

ಥಾಮಸ್ ಓಡಿದ ಕಾಲದಲ್ಲಿ ಈ ದಾರಿಯ ಬಹುಪಾಲಿನಲ್ಲಿ ಕಾನೂನಿನ ಪ್ರಕಾರ ಯಾರೂ ಕಾಲಿಡುವಂತಿರಲಿಲ್ಲ. ಬೆಟ್ಟಗಳು ಜಮೀನುದಾರರವು. ಆಗಸ್ಟ್ 12ರಿಂದ ಗ್ರೌಸ್ ಹಕ್ಕಿಯ ಬೇಟೆ ಶುರು. ಅದಕ್ಕಾಗಿ ವರ್ಷವಿಡೀ ಕಾವಲುಗಾರರು ಕೋಲು ಹಿಡಿದು ಕಾಯುತ್ತಿದ್ದರು. ವಾರವಿಡೀ ಗಿರಣಿಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಗಾಳಿಗಾಗಿ ಬಂದವರನ್ನು ಅಟ್ಟುತ್ತಿದ್ದರು. ಶೆಫೀಲ್ಡಿನ ಜಿ.ಎಚ್.ಬಿ. ವಾರ್ಡ್ 1900ರಲ್ಲೇ ಕಾರ್ಮಿಕರ ನಡಿಗೆ ಸಂಘ ಕಟ್ಟಿ ಈ ಹಕ್ಕಿಗಾಗಿ ಜೀವನವಿಡೀ ಹೋರಾಡಿದರು. ವಾಟರ್‌ಶೆಡ್ ದಾರಿಯಲ್ಲಿ ಬರುವ ಲೂಸ್ ಹಿಲ್ ನೆತ್ತಿಯನ್ನು ನಡಿಗೆಯ ಗೆಳೆಯರು 1945ರಲ್ಲಿ ಅವರಿಗೆ ಕೊಡುಗೆಯಾಗಿ ಕೊಟ್ಟರು. ಅವರು ಅದನ್ನು ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟುಬಿಟ್ಟರು.

1932ರ ಏಪ್ರಿಲ್ 24ರಂದು ಹೇಫೀಲ್ಡ್ ಬಳಿಯ ಕಲ್ಲುಗಣಿಯಲ್ಲಿ ಸೇರಿದ ಸುಮಾರು ನಾನೂರು ಜನ ಹಗಲು ಹೊತ್ತಿನಲ್ಲೇ, ಹಾಡುತ್ತ, ಕಿಂಡರ್ ಹತ್ತಿದರು. ಮುಂದಾಳು 20 ವರ್ಷದ ಬೆನ್ನಿ ರಾತ್‌ಮನ್. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಯಾಯಿತು. ಬೆಟ್ಟ ಹತ್ತಿದ ಯುವಕರಿಗೆ ಸೆರೆವಾಸವೆಂದಾಗ ಅದುವರೆಗೆ ಸುಮ್ಮನಿದ್ದವರೂ ಮಾತಾಡಿದರು. ಅದೇ ವರ್ಷ ಜೂನ್‌ನಲ್ಲಿ, ಉತ್ತರದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ಬಾಬ್ ಗ್ರಹಾಂ ಎಂಬ ಅತಿಥಿಗೃಹದ ಮಾಲೀಕರು 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಆ ಸುತ್ತು ಇಂದು ಇಂಥ ಓಟಗಳಲ್ಲೆಲ್ಲ ಹೆಸರಾಂತದ್ದು. ಒಂದು ಕಡೆ ಗಡಿಯಾರದ ಜೊತೆ ಓಟ, ಇನ್ನೊಂದು ಕಡೆ ಕಾವಲುಗಾರನ ಜೊತೆ ಜಟಾಪಟಿ, ಎರಡೂ ಒಂದೇ ಬೇಸಿಗೆಯ ಆಸುಪಾಸಿನವು. ಬೆಟ್ಟದ ಮೇಲೆ ಸ್ವಂತ ಸಮಯ ಬರೆದುಕೊಳ್ಳುವ ಸ್ವಾತಂತ್ರ್ಯಕ್ಕೆ ಯಾರೋ ಸೆರೆಮನೆಯಲ್ಲಿ ತೆತ್ತ ತಿಂಗಳುಗಳ ಋಣವಿದೆ ಎಂಬುದನ್ನು ಇಂದಿನ ಓಟಗಾರರು ಮರೆಯಬಾರದು. ಪೂರ್ತಿ ಹಕ್ಕು ಬಂದದ್ದು ಬಹಳ ತಡವಾಗಿ, 2000ದ ಕಾಯಿದೆಯ ಮೂಲಕ. 2002ರಲ್ಲಿ, ಕಿಂಡರ್ ನಡಿಗೆಯ ಎಪ್ಪತ್ತನೆಯ ವರ್ಷಾಚರಣೆಯಲ್ಲಿ, ಆಗಿನ ಡೆವನ್‌ಷೈರ್ ಡ್ಯೂಕ್ ಕಿಂಡರ್‌ನ ಜಮೀನುದಾರರಾಗಿದ್ದ ತಮ್ಮ ಅಜ್ಜನ ಕಾಲದಲ್ಲಾದ ಅನ್ಯಾಯಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಹೊಗೆ ತಿಂದ ಪಾಚಿ

ನಾವು ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆದವರು. ಮೂಲ ಮ್ಯಾಂಚೆಸ್ಟರಿನ ಹತ್ತಿಗಿರಣಿಗಳ ಹೊಗೆ ಏನು ಮಾಡಿತೆಂದು ನೋಡಬೇಕಿದ್ದರೆ ಬ್ಲೀಕ್ಲೋಗೆ ಹೋಗಬೇಕು. ಪೀಟನ್ನು ಕಟ್ಟುವುದು ಸ್ಫ್ಯಾಗ್ನಮ್ ಎಂಬ ಪಾಚಿ. ಇದಕ್ಕೆ ಬೇರಿಲ್ಲ, ಮಳೆಯಲ್ಲಿ ಏನು ಬಂತೋ ಅದನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಪಶ್ಚಿಮದ ಗಿರಣಿಗಳು ಮತ್ತು ಪೂರ್ವದ ಉಕ್ಕಿನ ಕುಲುಮೆಗಳು ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಗಾಳಿಗೆ ಬಿಟ್ಟ ಗಂಧಕ, ಮಸಿ ಎಲ್ಲ ಮಳೆಯಾಗಿ ಈ ಬೆಟ್ಟದ ಮೇಲೆ ಇಳಿದವು. ಪಾಚಿ ಸತ್ತಿತು. ಪಾಚಿ ಹೋದಲ್ಲಿ ಬೆಂಕಿ, ಕುರಿಗಳ ಗೊರಸು, ಗಾಳಿ, ಮಳೆ ಸೇರಿ ಪೀಟನ್ನು ಬತ್ತಲೆ ಮಾಡಿ ಕೊರೆದವು. ಇಂದು ಓಟಗಾರರ ದಿಕ್ಕು ತಪ್ಪಿಸುವ ಕೊರಕಲುಗಳು ಇಷ್ಟು ಆಳ, ಇಷ್ಟು ಬೋಳು ಆದದ್ದರಲ್ಲಿ ಆ ಹೊಗೆಯ ಪಾಲು ದೊಡ್ಡದು.

ಈ ಕಥೆಯಲ್ಲಿ ನಮ್ಮ ನೆಲದ ಎಳೆಯೂ ಒಂದಿದೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸೇರಿದ್ದ ಲ್ಯಾಂಕಾಷೈರಿನ ಗಿರಣಿಗಳು ಕಣ್ಣಿಟ್ಟ ಪ್ರದೇಶಗಳಲ್ಲಿ ಧಾರವಾಡ ಸೀಮೆಯೂ ಒಂದು. ಆ ಹತ್ತಿಯನ್ನು ಹಡಗಿಗೇರಿಸಲು ಕಾರವಾರ ಬಂದರನ್ನು ಬೆಳೆಸಿ ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಸರ್ಕಾರದ ಬೆನ್ನು ಬಿದ್ದಿದ್ದರು. ಧಾರವಾಡದ ಎರೆಯಲ್ಲಿ ಅರಳಿದ ಹತ್ತಿಯೂ ಆ ಗಿರಣಿಗಳಲ್ಲಿ ನೂಲಾಗುವಾಗ ಏರಿದ ಹೊಗೆ ಪೆನೈನ್ ಬೆಟ್ಟದ ಪಾಚಿಯ ಮೇಲೆ ಕೂತಿದೆ.

ಹೊಗೆಯ ಜೊತೆಗೆ ನಡೆದಾಡುವವರ ಕಾಲಿನ ತುಳಿತವೂ ಸೇರಿಕೊಂಡಿತು. ಈಡೇಲ್‌ನಿಂದ ಸ್ಕಾಟ್ಲೆಂಡಿನ ಗಡಿಯವರೆಗಿನ 268 ಮೈಲಿ ಉದ್ದದ ಪೆನೈನ್ ವೇ 1965ರ ಏಪ್ರಿಲ್ 24ರಂದು ತೆರೆಯಿತು. ಕಿಂಡರ್ ನಡಿಗೆಯ ದಿನಕ್ಕೆ ಸರಿಯಾಗಿ 33 ವರ್ಷ. ಜನ ಹೆಚ್ಚಿದಂತೆ, ಕೆಸರು ತಪ್ಪಿಸಲು ಅಕ್ಕಪಕ್ಕ ನಡೆದಂತೆ, ಕಾಲುದಾರಿ ಅಗಲವಾದ ಕಪ್ಪು ಗಾಯವಾಯಿತು. ಕೊನೆಗೆ ಮುಚ್ಚಿಹೋದ ಗಿರಣಿಗಳ ನೆಲಹಾಸು ಕಲ್ಲುಗಳನ್ನು ಕಿತ್ತು, ಹೆಲಿಕಾಪ್ಟರಿನಲ್ಲಿ ತಂದು, ಪೀಟಿನ ಮೇಲೆ ಸಾಲಾಗಿ ಹಾಸಿದರು. ಯಂತ್ರಗಳನ್ನು ಬಿಗಿದಿದ್ದ ತೂತುಗಳು ಕೆಲವು ಕಲ್ಲುಗಳಲ್ಲಿ ಇನ್ನೂ ಇವೆ. ಹೊಗೆ ಉಗುಳಿದ ಗಿರಣಿಯ ನೆಲವೇ ಈಗ ಬೆಟ್ಟದ ಮೈ ಕಾಯುತ್ತಿದೆ. ಮಿಲ್ ಹಿಲ್‌ನಿಂದ ಸ್ನೇಕ್ ಪಾಸ್‌ವರೆಗೆ ವಾಟರ್‌ಶೆಡ್ ಓಟಗಾರರೂ ಈ ಕಲ್ಲುಗಳ ಮೇಲೆಯೇ ಓಡುತ್ತಾರೆ. ಥಾಮಸ್ ಅವರಿಗೆ ಸಿಗದಿದ್ದ ವೇಗ ಇವರಿಗೆ ಇಲ್ಲಿ ಸಿಗುತ್ತದೆ. ಅಂದಮೇಲೆ 1918ರ ಸಮಯವನ್ನೂ ಇಂದಿನ ಸಮಯವನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಡುವುದಕ್ಕೆ ಏನರ್ಥ?

2003ರಲ್ಲಿ ಶುರುವಾದ ಮೂರ್ಸ್ ಫಾರ್ ದಿ ಫ್ಯೂಚರ್ ಯೋಜನೆಯ ಕೆಲಸ ಇಂಥ ವೇಗಕ್ಕೆ ವಿರುದ್ಧ ದಿಕ್ಕಿನದು. ಬೋಳು ಪೀಟಿಗೆ ಸುಣ್ಣ ಚೆಲ್ಲಿ ಹುಳಿ ತಗ್ಗಿಸುತ್ತಾರೆ, ಹುಲ್ಲಿನ ಬೀಜ ಬಿತ್ತುತ್ತಾರೆ, ಕತ್ತರಿಸಿದ ಹೆದರ್ ಹಾಸುತ್ತಾರೆ, ಕೊರಕಲುಗಳಿಗೆ ಕಲ್ಲು, ಮರಗಳ ಪುಟ್ಟ ಅಡ್ಡಗಟ್ಟೆ ಕಟ್ಟುತ್ತಾರೆ. ಆಮೇಲೆ ಸ್ಫ್ಯಾಗ್ನಮ್ ಸಸಿಗಳನ್ನು ಒಂದೊಂದಾಗಿ ಕೈಯಲ್ಲಿ ನೆಡುತ್ತಾರೆ. ಇದರ ಮುಖ್ಯ ಉದ್ದೇಶ ನೀರನ್ನು ನಿಧಾನಗೊಳಿಸುವುದು. ಬೋಳು ಕೊರಕಲಿನಲ್ಲಿ ಮಳೆನೀರು ಒಂದೇ ಉಸಿರಿಗೆ ಕೆಳಗಿನ ಊರುಗಳಿಗೆ ಧುಮುಕುತ್ತದೆ, ಪೀಟನ್ನು ಕೊಚ್ಚಿ ಜಲಾಶಯ ತುಂಬಿಸುತ್ತದೆ. ಪಾಚಿ, ಹುಲ್ಲು ಬೆಳೆದರೆ ತಡೆದು ತಡೆದು ಹರಿಯುತ್ತದೆ. ನೆಲ ತೇವವಾಗಿದ್ದರೆ ಬೆಂಕಿ ಒಳಗಿಳಿಯುವುದಿಲ್ಲ. 2018ರಲ್ಲಿ ಹತ್ತಿರದ ಸ್ಯಾಡಲ್‌ವರ್ತ್‌ನ ಬೆಟ್ಟ ದಿನಗಟ್ಟಲೆ ಉರಿದದ್ದನ್ನು ಅಲ್ಲಿನವರು ಮರೆತಿಲ್ಲ.

ಓಟಗಾರರಿಗೆ ಇದರ ಫಲ ಸ್ಪಷ್ಟ. ಹಿಂದೆ ಮರಳುತಳದ ಕೊರಕಲಿದ್ದಲ್ಲಿ ಈಗ ಒಂದರ ಹಿಂದೊಂದು ಕೊಳ. ಬೋಳಾಗಿ ಗಟ್ಟಿಯಾಗಿದ್ದಲ್ಲಿ ಮೊಣಕಾಲೆತ್ತರದ ಹತ್ತಿಹುಲ್ಲು. ಬಾಯಿಪಾಠವಾಗಿದ್ದ ಲೈನ್ ನೀರಿನಡಿ ಹೋಗಿದೆ. ಬೆಟ್ಟದ ಆರೋಗ್ಯ ಸುಧಾರಿಸಿದಷ್ಟೂ ಕಲ್ಲು ಹಾಸಿಲ್ಲದ ಕಡೆ ಓಟದ ಸಮಯ ಕೆಡುತ್ತದೆ. ಕೆಡಲಿ. ತಾನು ಪ್ರೀತಿಸುವ ಬೆಟ್ಟ ಗುಣವಾಗಲಿ ಎನ್ನುವ ಓಟಗಾರರಿಗೆ ತಮ್ಮ ಹಳೆಯ ಸಮಯವನ್ನು ಮತ್ತೆಂದೂ ಮುಟ್ಟಲಾಗದಿರುವುದು ಸಂತೋಷದ ಸುದ್ದಿಯೇ ಆಗಬೇಕು.

ಹಾಗೆ ಯೋಚಿಸುವವರು ಇದ್ದಾರೆ. 2020ರಲ್ಲಿ ಕೋವಿಡ್‌ನಿಂದ ಸ್ಪರ್ಧೆಗಳೆಲ್ಲ ನಿಂತಾಗ ಓಟಗಾರರು ಇಂಥ ಸ್ವಂತ ಸಮಯದ ದಾರಿಗಳತ್ತ ತಿರುಗಿದರು. ಪೆನೈನ್ ವೇ ಮೇಲೆ ಮೈಕ್ ಹಾರ್ಟ್ಲಿ 1989ರಲ್ಲಿ ಬರೆದಿದ್ದ 65 ಗಂಟೆ 20 ನಿಮಿಷದ ದಾಖಲೆ 31 ವರ್ಷ ಉಳಿದಿತ್ತು. ಜಾನ್ ಕೆಲ್ಲಿ ಅದನ್ನು 64 ಗಂಟೆ 46 ನಿಮಿಷಕ್ಕೆ ಇಳಿಸಿದರು. ಎಂಟೇ ದಿನದಲ್ಲಿ ಡೇಮಿಯನ್ ಹಾಲ್ ಎದುರು ದಿಕ್ಕಿನಿಂದ ಓಡಿಬಂದು 61 ಗಂಟೆ 34 ನಿಮಿಷಕ್ಕೆ ತಂದರು, ದಾರಿಯುದ್ದಕ್ಕೂ ಬಿದ್ದಿದ್ದ ಪ್ಲಾಸ್ಟಿಕ್ ಕಸ ಹೆಕ್ಕುತ್ತ. ಮರುವರ್ಷ ಕೆಲ್ಲಿ ಮರಳಿ ಬಂದು 58 ಗಂಟೆ 4 ನಿಮಿಷ ಬರೆದರು. ಇವರಿಬ್ಬರೂ ಗೆಳೆಯರು. ಇದೇ ದಾರಿಯ ಚಳಿಗಾಲದ ಸ್ಪೈನ್ ರೇಸ್‌ನಲ್ಲಿ 2019ರಲ್ಲಿ ಜಾಸ್ಮಿನ್ ಪ್ಯಾರಿಸ್, ನಿಲ್ದಾಣಗಳಲ್ಲಿ ಪುಟ್ಟ ಮಗಳಿಗಾಗಿ ಎದೆಹಾಲು ತೆಗೆದಿಡುತ್ತ, ಗಂಡಸರನ್ನೂ ಹಿಂದಿಕ್ಕಿ 83 ಗಂಟೆ 12 ನಿಮಿಷದಲ್ಲಿ ಗೆದ್ದರು. ಹಾಲ್ ಮತ್ತು ಪ್ಯಾರಿಸ್ ಮುಂದೆ ಇತರರೊಂದಿಗೆ ಸೇರಿ ದಿ ಗ್ರೀನ್ ರನ್ನರ್ಸ್ ಎಂಬ ಬಳಗ ಕಟ್ಟಿದ್ದಾರೆ. ಓಟದ ಹೆಸರಿನಲ್ಲಿ ಪರಿಸರಕ್ಕಾಗುವ ಹಾನಿಯನ್ನು ತಗ್ಗಿಸುವುದು ಅದರ ಕೆಲಸ.

ಡರ್ವೆಂಟ್ ವಾಟರ್‌ಶೆಡ್‌ನ ಸಮಯಗಳನ್ನು ಬರೆದಿಡುವವರು ಒಂದು ಹೊಸ ಕಾಲಂ ತೆರೆಯುವುದು ಒಳ್ಳೆಯದು. ಹೆಸರು, ದಿನಾಂಕ, ಗಂಟೆ, ನಿಮಿಷಗಳ ಪಕ್ಕದಲ್ಲಿ ನೆಲದ ಸ್ಥಿತಿಗೂ ಒಂದು ಜಾಗ: ಹೆಪ್ಪುಗಟ್ಟಿತ್ತೋ, ಒಣಗಿತ್ತೋ, ಬ್ಲೀಕ್ಲೋದಿಂದ ಔಟರ್ ಎಡ್ಜ್‌ವರೆಗೆ ಎಷ್ಟು ಕೊಳಗಳನ್ನು ಬಳಸಿ ಹೋಗಬೇಕಾಯಿತು, ಹಿಂದಿನ ಸಲ ಬೋಳಾಗಿದ್ದ ಯಾವ ಕೊರಕಲಿನಲ್ಲಿ ಈಗ ಪಾಚಿ ಹಿಡಿದಿದೆ. ಬೆಟ್ಟದ ಮೇಲೆ ಅಷ್ಟು ಹತ್ತಿರದಿಂದ, ಅಷ್ಟು ಉದ್ದಕ್ಕೆ, ವರ್ಷವರ್ಷವೂ ಕಣ್ಣಾಡಿಸುವವರು ಓಟಗಾರರಲ್ಲದೆ ಬೇರೆ ಹೆಚ್ಚು ಜನ ಇಲ್ಲ.